ಟಾಟಾ ಇನ್‌ಸ್ಟಿಟ್ಯೂಟ್‌ನ ಸೆಮಿನಾರ್‌ಗಳು: ಲೇತ್ ಮುಂದೆ ನಿಲ್ಲುವವರೂ ಹೋಗಿ ಕೇಳಬಹುದು

ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೋಹವನ್ನು ತಿರುಗಿಸುತ್ತಾ ಕತ್ತರಿಸುವ ಮೂರು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ನಾಲ್ಕು ಜನ ಹುಡುಗರು. ನಾನು ಓದಿದ್ದು ಡಿಪ್ಲೊಮಾ. ಎರಡು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ವಿಭಾಗದ ಸೆಮಿನಾರ್ ಕೇಳೋಕೆ ಹೋಗುತ್ತಿದ್ದೇನೆ. 'ಅಲ್ಲಿಗೆ ನಮ್ಮಂಥವರನ್ನ ಬಿಡ್ತಾರಾ?' ಅಂತ ಪಕ್ಕದ ಶೆಡ್ಡಿನವರು ಕೇಳುತ್ತಲೇ ಇರುತ್ತಾರೆ. ಬಿಡುತ್ತಾರೆ. ದುಡ್ಡೂ ಕೊಡಬೇಕಿಲ್ಲ. ಗೇಟಿನಲ್ಲಿ ಎಲ್ಲಿಗೆ ಅಂತ ಕೇಳಿದರೆ ವಿಭಾಗದ ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ, ಅಷ್ಟೇ.

ಬಸ್ಸಿನವರಿಗೆ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ. 1909ರಲ್ಲಿ ಶುರುವಾದ ಸಂಸ್ಥೆ. 371 ಎಕರೆ ಜಾಗ ಕೊಟ್ಟಿದ್ದು ನಮ್ಮ ಮೈಸೂರು ಸಂಸ್ಥಾನ. ಕುಣಿಗಲ್ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಅಸ್ತ್ರ ಒಲೆ ಇತ್ತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗಿ ಅಜ್ಜಿಯ ಕಣ್ಣುರಿ ಕಮ್ಮಿಯಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಒಲೆ ಹುಟ್ಟಿದ್ದು ಇದೇ ಸಂಸ್ಥೆಯಲ್ಲಿ, 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಹುಟ್ಟುಹಾಕಿದ ಅಸ್ತ್ರ ಕೇಂದ್ರದಲ್ಲಿ ಅಂತ ಗೊತ್ತಾದ ಮೇಲೆ ಒಳಗೆ ಕಾಲಿಡೋಕೆ ಸಂಕೋಚ ಹೋಯಿತು.

ಮೊದಲ ಎರಡು ಮೂರು ಸಲ ಏನೂ ಅರ್ಥ ಆಗಲಿಲ್ಲ. ಬೋರ್ಡ್ ತುಂಬಾ ಸಮೀಕರಣ, ಇಂಗ್ಲಿಷು, ಜೊತೆಗೆ ಎಸಿ ತಂಪು. ಆಮೇಲೆ ಒಂದು ದಿನ ಲೋಹ ಕತ್ತರಿಸುವ ವಿಷಯದ ಮೇಲೆ ಮಾತಿತ್ತು. ಮೆತ್ತನೆ ತಾಮ್ರ, ಮೆತ್ತನೆ ಅಲ್ಯೂಮಿನಿಯಂ ಲೇತಿನಲ್ಲಿ ಟರ್ನಿಂಗ್ ಮಾಡಿದವರಿಗೆ ಆ ಕಷ್ಟ ಗೊತ್ತು. ಗಟ್ಟಿ ಸ್ಟೀಲಿಗಿಂತ ಅದೇ ಜಾಸ್ತಿ ಕಾಟ ಕೊಡುತ್ತದೆ. ಕತ್ತರಿಸುವ ಟೂಲಿಗೆ ಅಂಟಿಕೊಳ್ಳುತ್ತದೆ, ಚಿಪ್ಸ್ (ಕತ್ತರಿಸಿ ಬರುವ ಲೋಹದ ಸಿಪ್ಪೆ) ದಪ್ಪ ಬರುತ್ತದೆ, ಮೇಲ್ಮೈ ಹರಿದ ಹಾಗೆ ಆಗುತ್ತದೆ. ಯಾಕೆ ಅಂತ ಇಪ್ಪತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅವತ್ತು ವೇಗದ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ಹಾಕಿದರು. ಟೂಲಿನ ಮುಂದೆ ಲೋಹ ಕತ್ತರಿಸುತ್ತಲೇ ಇಲ್ಲ, ಸೀರೆ ನೆರಿಗೆ ಹಿಡಿದ ಹಾಗೆ ಒಂದರ ಮೇಲೊಂದು ಮಡಚಿಕೊಳ್ಳುತ್ತಿದೆ! ಶಕ್ತಿಯೆಲ್ಲ ಆ ಮಡಿಕೆಗೇ ಹೋಗುತ್ತದೆ.

ಅದಕ್ಕೆ ಪರಿಹಾರ ಏನು ಗೊತ್ತಾ? ಮಾರ್ಕರ್ ಪೆನ್ನು. ಕತ್ತರಿಸುವ ಮೇಲ್ಮೈಗೆ ಪರ್ಮನೆಂಟ್ ಮಾರ್ಕರಿನ ಶಾಯಿಯನ್ನೋ ಅಂಟನ್ನೋ ಬಳಿದರೆ ಆ ಪದರದಿಂದಾಗಿ ಲೋಹ ಮಡಚಿಕೊಳ್ಳುವ ಬದಲು ಸಣ್ಣಗೆ ಬಿರುಕು ಬಿಟ್ಟು ತೆಳುವಾಗಿ ಎದ್ದು ಬರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಪ್ರಕಟಿಸಿದ್ದರು. ಕತ್ತರಿಸೋಕೆ ಬೇಕಾದ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು.

ಮರುದಿನ ಬೆಳಿಗ್ಗೆ ಶಾಪ್ ತೆಗೆದ ತಕ್ಷಣ ಒಂದು ತಾಮ್ರದ ರಾಡನ್ನು ಕಾಸಿ ಮೆತ್ತಗೆ ಮಾಡಿ, ಅರ್ಧ ಉದ್ದಕ್ಕೆ ಮಾರ್ಕರ್ ಬಳಿದು, ಸ್ಪೀಡ್ ಕಮ್ಮಿ ಇಟ್ಟು ಲೇತಿಗೆ ಹಾಕಿದೆ. ಬಳಿದ ಭಾಗದಲ್ಲಿ ಚಿಪ್ಸ್ ತೆಳ್ಳಗೆ, ಸದ್ದಿಲ್ಲದೆ ಬಂತು. ಶಾಯಿ ಮುಗಿದ ಗೆರೆ ದಾಟಿದ್ದೇ ತಡ, ಟೂಲ್ ಗೊರಗೊರ ಅನ್ನೋಕೆ ಶುರು. ನಮ್ಮ ಹುಡುಗರು ಆ ರಾಡನ್ನು ಬಿಸಾಡೋಕೆ ಬಿಟ್ಟಿಲ್ಲ, ಇನ್ನೂ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾರೆ.

ಮುಂದಿನ ಸಲ ಹೋದಾಗ ಚಹಾ ಹೊತ್ತಿನಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಹಿಡಿದು ಕೇಳಿದೆ, 'ಸರ್, ಟೂಲ್ ಒಂದು ಸಲ ಕತ್ತರಿಸುತ್ತಾ ಸಾಗಿ ಒಂದು ಪಾಸ್ ಆದ ಮೇಲೆ ಶಾಯಿ ಹೋಗಿಬಿಡುತ್ತೆ, ಪ್ರತಿ ಪಾಸಿಗೂ ಬಳಿಯುತ್ತಾ ಕೂತರೆ ಜಾಬ್ ಯಾವಾಗ ಮುಗಿಯೋದು?' ಹುಡುಗ ಹಾಸನದ ಕಡೆಯವನು, ಕನ್ನಡದಲ್ಲೇ ಮಾತಾಡಿದ. ಅದೇ ನಿಜವಾದ ತೊಡಕು ಅಂತ ಒಪ್ಪಿಕೊಂಡು, ನನ್ನ ರಾಡಿನ ಫೋಟೊ ಕೇಳಿ ತೆಗೆದುಕೊಂಡ. ನಮ್ಮ ಕೈಕೆಲಸದ ಅನುಭವಕ್ಕೆ ಅಲ್ಲಿ ಬೆಲೆ ಇದೆ.

ಯಾವುದಕ್ಕೆ ಹೋಗಬೇಕು ಅಂದರೆ, ಪಿಎಚ್‌ಡಿ ವಿದ್ಯಾರ್ಥಿಗಳ ಥೀಸಿಸ್ ಕೊಲೊಕ್ವಿಯಂ ತಪ್ಪಿಸಬೇಡಿ. ಥೀಸಿಸ್ ಸಲ್ಲಿಸುವ ಮೊದಲು ಎಲ್ಲರೆದುರು ನಿಂತು ಅಷ್ಟೂ ವರ್ಷದ ಕೆಲಸ ವಿವರಿಸಬೇಕು. ಪ್ರಯೋಗದ ರಿಗ್, ಅಂದರೆ ಯಂತ್ರದ ಜೋಡಣೆ, ತಾವೇ ಕಟ್ಟಿದವರು, ಹಾಗಾಗಿ ಎಲ್ಲಿ ಲೀಕ್ ಆಯಿತು, ಯಾವ ಬೇರಿಂಗ್ ಹೋಯಿತು ಎಲ್ಲಾ ಹೇಳುತ್ತಾರೆ. ನಮಗೆ ಬೇಕಾಗಿರುವುದೂ ಅದೇ ಅಲ್ವಾ? ದೊಡ್ಡ ಸಭಾಂಗಣದ ಹೆಸರಾಂತ ಭಾಷಣಗಳು ಕೇಳೋಕೆ ಚೆನ್ನ, ಆದರೆ ಶಾಪಿಗೆ ಏನೂ ತರೋಕಾಗಲ್ಲ.

ಇದೇ ಆಸೆಯಲ್ಲಿ ಊರಿನ ಇನ್ನೊಂದು ಇಂಜಿನಿಯರಿಂಗ್ ಕಾಲೇಜಿಗೂ ಒಮ್ಮೆ ಹೋಗಿದ್ದೆ. ದೀಪ, ಪ್ರಾರ್ಥನೆ, ಶಾಲು, ಹಾರ, ಸ್ಮರಣಿಕೆ, ಎಲ್ಲರ ಪರಿಚಯ. ಮುಕ್ಕಾಲು ಗಂಟೆ ಅದಕ್ಕೇ ಹೋಯಿತು. ವೆಲ್ಡಿಂಗ್ ಬಗ್ಗೆ ಮಾತಾಡೋಕೆ ಚೆನ್ನೈಯಿಂದ ಬಂದಿದ್ದವರಿಗೆ ಉಳಿದಿದ್ದು ಹದಿನೈದು ನಿಮಿಷ. ಪ್ರಶ್ನೆ ಕೇಳೋಕೆ ಕೈ ಎತ್ತಿದ ಹುಡುಗಿಗೆ ಮೈಕ್ ಸಿಗಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ನಾನು ಕೇಳಿದ ಮಾತುಗಳಲ್ಲಿ ಪರಿಚಯ ಎರಡು ಮೂರು ನಿಮಿಷ, ಉಳಿದ ಹೊತ್ತೆಲ್ಲಾ ವಿಷಯ, ಕೊನೆಗೆ ಪ್ರಶ್ನೆ.

ಸೆಮಿನಾರ್ ನೋಟೀಸಿನಲ್ಲಿ ಮಾತಿನ ಸಾರಾಂಶ ಒಂದು ಪ್ಯಾರಾ ಇರುತ್ತದೆ. ಅದನ್ನು ಹಿಂದಿನ ರಾತ್ರಿ ಓದಿ, ಗೊತ್ತಿಲ್ಲದ ಪದ ಗುರುತು ಹಾಕಿಕೊಂಡು ಹೋಗಿ. ಆ ಒಂದು ಪ್ಯಾರಾ ಕನ್ನಡದಲ್ಲೂ ಬಂದರೆ ಪೀಣ್ಯದಿಂದ, ರಾಜಾಜಿನಗರದಿಂದ ಎಷ್ಟೋ ಜನ ಬರುತ್ತಾರೆ ಅಂತ ನನ್ನ ನಂಬಿಕೆ. ಪೀಣ್ಯದಿಂದ ಮೆಟ್ರೊದಲ್ಲಿ ಯಶವಂತಪುರ, ಅಲ್ಲಿಂದ ಆಟೊ. ನಾಲ್ಕು ಗಂಟೆಗೆ ಶುರುವಾಗುವ ಮಾತಿಗೆ ನಾನು ಮೂರಕ್ಕೇ ಶಾಪ್ ಬಿಡುತ್ತೇನೆ. ಈಗೀಗ ನಮ್ಮ ಮಿಲ್ಲಿಂಗ್ ಹುಡುಗನೂ ಜೊತೆಗೆ ಬರುತ್ತಾನೆ, ಹಿಂದಿನ ಸಾಲಿನಲ್ಲಿ ಕೂತು ನೋಟ್ ಬರೆದುಕೊಳ್ಳುತ್ತಾನೆ.