ದಾವಣಗೆರೆಯ ಒಂದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ: ಸಂಜೆ ಐದರ ಮೇಲೆ ಬನ್ನಿ

ಮೊದಲೇ ಹೇಳಿಬಿಡುತ್ತೇನೆ, ಇದು ಬೆಣ್ಣೆ ದೋಸೆ ಹೋಟೆಲಿನ ವಿಮರ್ಶೆ ಅಲ್ಲ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಹೈವೇಯಿಂದ ಕಾರು ಒಳಗೆ ತಿರುಗಿಸುತ್ತಾರೆ, ದೋಸೆ ತಿನ್ನುತ್ತಾರೆ, ಫೋಟೊ ಹೊಡೆಯುತ್ತಾರೆ. "ದೋಸೆ ಸೂಪರ್, ಊರಲ್ಲಿ ಮಾತ್ರ ಏನೂ ಇಲ್ಲ, ಬರೀ ಧೂಳು" ಅಂತ ಹೇಳಿ ಹುಬ್ಬಳ್ಳಿ ಕಡೆ ಹೊರಟುಬಿಡುತ್ತಾರೆ. ಊರಿಗೆ ಕೊಟ್ಟಿದ್ದು ಅರ್ಧ ಗಂಟೆ. ಅದರಲ್ಲೂ ಜಾಸ್ತಿ ಹೊತ್ತು ಹೋಗಿದ್ದು ಟೇಬಲ್ ಖಾಲಿಯಾಗಲಿ ಅಂತ ಕಾಯೋದಕ್ಕೆ.

ನಾನು ಬರೆಯುತ್ತಿರುವುದು ಜಯದೇವ ಸರ್ಕಲ್‌ನಿಂದ ಸ್ವಲ್ಪ ಒಳಗಿರುವ ಒಂದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಬಗ್ಗೆ. ಅದಕ್ಕೆ ಬೋರ್ಡ್ ಇಲ್ಲ. ಸಂಜೆ ಬಾಣಲೆ ಒಲೆಗೇರಿತು ಅಂದರೆ ಅಂಗಡಿ ತೆಗೆದಿದೆ ಅಂತ ಲೆಕ್ಕ. ನನ್ನ ಕೆಲಸ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ, ಸೀರೆ ವಿಭಾಗ. ಮದುವೆ ಸೀಸನ್ನಿನಲ್ಲಿ ಮಧ್ಯಾಹ್ನದ ಊಟ ಸರಿಯಾಗಿ ಆಗೋದೇ ಇಲ್ಲ. ಹಾಗಾಗಿ ಈ ಅಂಗಡಿ ನನಗೆ ತಿಂಡಿಯೂ ಹೌದು, ಊಟವೂ ಹೌದು.

ಇಲ್ಲಿ ನಾನು ತಿನ್ನುವುದು ಒಗ್ಗರಣೆ ಮಂಡಕ್ಕಿ. ಅಂಗಡಿಯ ಅಣ್ಣ ಅಗಲವಾದ ಬೋಗುಣಿಗೆ ಎರಡು ಕೈಯಿಂದ ಮಂಡಕ್ಕಿ ಸುರಿಯುತ್ತಾನೆ. ಮೇಲೆ ಅರಿಶಿನ, ಬೆಳ್ಳುಳ್ಳಿ, ಕರಿಬೇವು ಹಾಕಿದ ಒಗ್ಗರಣೆ. ಆಮೇಲೆ ಹುರಿಗಡಲೆ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಒಂದು ಚಿಟಿಕೆ ಸಕ್ಕರೆ. ಬೋಗುಣಿಯ ತಳದಿಂದ ಎತ್ತಿ ಎತ್ತಿ ಕಲಸಿದ ಮೇಲೆ ಪ್ರತಿ ಕಾಳಿಗೂ ಪುಡಿ ಹತ್ತಿರುತ್ತದೆ, ಆದರೂ ಒಂದೂ ಮೆತ್ತಗಾಗಿರುವುದಿಲ್ಲ. ಪ್ಲೇಟು ಕೈಗೆ ಬಂದ ಕೂಡಲೇ ತಿನ್ನಲು ಶುರು ಮಾಡಿ. ಫೋನ್ ತೆಗೆದು ಫೋಟೊ ಹೊಡೆಯುತ್ತಾ ನಿಂತರೆ ಮಂಡಕ್ಕಿ ಕೆಡುತ್ತದೆ.

ಜೊತೆಗೆ ಮೆಣಸಿನಕಾಯಿ, ಅಂದರೆ ಬಜ್ಜಿ. ಉದ್ದನೆಯ ಹಸಿ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು-ಓಮ ಸವರಿ, ಕಡಲೆ ಹಿಟ್ಟಲ್ಲಿ ಅದ್ದಿ ಕರಿಯುತ್ತಾರೆ. ಅರ್ಧ ಬೆಂದಾಗ ತೆಗೆದಿಟ್ಟು, ನೀವು ಕೇಳಿದಾಗ ಮತ್ತೆ ಎಣ್ಣೆಗೆ ಬಿಡುತ್ತಾರೆ. ಈ ಎರಡನೇ ಕರಿತದಲ್ಲೇ ಎಲ್ಲ ಇರೋದು. ಮೊದಲ ಸುತ್ತಿನದನ್ನು ಹಾಗೇ ಕೊಟ್ಟರೆ ವಾಪಸ್ ಕೊಡಿ, ಸಂಕೋಚ ಬೇಡ.

ಬೆಂಗಳೂರಿನಲ್ಲಿರುವ ನಮ್ಮ ಭಾವ ವಂದೇ ಭಾರತ್ ರೈಲಿನಲ್ಲಿ ಬರುತ್ತಾರೆ. ಅದು ಬಂದಾಗಿನಿಂದ ಅವರಿಗೆ ದಾವಣಗೆರೆ ಬೆಳಗಿನ ತಿಂಡಿಗೆ ಬಂದು ಹೋಗುವ ಊರಾಗಿದೆ. ದೋಸೆ ಆದ ಮೇಲೆ "ಇಲ್ಲಿ ನೋಡೋಕೆ ಏನಿದೆ?" ಅನ್ನುತ್ತಾರೆ. ಗಾಜಿನ ಮನೆ ತೋರಿಸಿದರೆ "ಲಾಲ್‌ಬಾಗ್ ಇದೆಯಲ್ಲ ನಮಗೆ" ಅನ್ನುತ್ತಾರೆ. ಕುಂದುವಾಡ ಕೆರೆಯ ದಡದಲ್ಲಿ ಹತ್ತು ನಿಮಿಷ ನಡೆದು ಬಿಸಿಲು ಅನ್ನುತ್ತಾರೆ. ಅದೇ ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಬರುವವರನ್ನು ನೋಡಿ. ಅವರಿಗೆ ಇದು ದೊಡ್ಡ ಪೇಟೆ. ಮದುವೆ ಜವಳಿ ಇಲ್ಲಿ, ದೊಡ್ಡಾಸ್ಪತ್ರೆ ಇಲ್ಲಿ, ಮಗಳ ಕಾಲೇಜು ಇಲ್ಲಿ. ಹೋದ ವಾರ ಜಗಳೂರು ಕಡೆಯ ಒಬ್ಬ ಅಮ್ಮ ನಮ್ಮಲ್ಲಿ ಜವಳಿ ತೆಗೆದು, ಸೀರೆ ಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು ಇದೇ ಅಂಗಡಿಯ ಮುಂದೆ ನಿಂತಿದ್ದರು. "ಬರ್ರೀ ಅಕ್ಕಾ, ಇಲ್ಲೇ ತಿನ್ರೀ, ನಮ್ಮೂರಾಗೆ ಹಿಂಗ್ ಮಾಡಲ್ಲ" ಅಂತ ನನಗೇ ಶಿಫಾರಸು ಮಾಡಿದರು! ಹೊರಗಿನವರು ಅಂದರೆ ಬೆಂಗಳೂರಿನವರು ಮಾತ್ರ ಅಂದುಕೊಳ್ಳುವುದು ನಮ್ಮ ಚಟ.

ಇನ್ನು ಊರಿನವರು. ನಾವೇನು ಊರನ್ನು ಹೊಗಳಿಕೊಂಡು ಕೂತಿಲ್ಲ. ಏಪ್ರಿಲ್ ಬಿಸಿಲು, ಸೊಳ್ಳೆ, ಡಿಸಿಎಂ ಟೌನ್‌ಶಿಪ್ ಬಡಾವಣೆ ಕಡೆಯ ಅಂಡರ್‌ಪಾಸ್, ಓದಿದ ಮಕ್ಕಳೆಲ್ಲ ಬೆಂಗಳೂರು ಬಸ್ಸು ಹತ್ತುವುದು, ಎಲ್ಲವನ್ನೂ ಈ ಅಂಗಡಿಯ ಮುಂದೆಯೇ ಬೈಯುತ್ತೇವೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ನಿಂತು ನಿಂತು ನಮ್ಮ ಅರ್ಧ ಆಯುಷ್ಯ ಸವೆದಿದೆ. ಆದರೆ ಭಾವ ಅದೇ ಮಾತು ಹೇಳಿದರೆ ಮೈ ಉರಿಯುತ್ತದೆ, ಅಲ್ವಾ?

ನನ್ನ ಪ್ರಕಾರ ತೊಂದರೆ ಇರುವುದು ನೋಡುವ ರೀತಿಯಲ್ಲಿ. ಇದು ನೋಡೋಕೆ ಅಂತ ಕಟ್ಟಿದ ಊರಲ್ಲ. ಹತ್ತಿ ಮಂಡಿ, ಹತ್ತಿ ಮಿಲ್ಲು ಅಂತ ಬೆಳೆದ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿತ್ತು. ನಮ್ಮಪ್ಪ ಮಿಲ್ಲಿನಲ್ಲಿ ನೂಲು ತೆಗೆಯುವ ಕೆಲಸದಲ್ಲಿದ್ದರು. ಶಿಫ್ಟ್ ಬಿಟ್ಟ ಮೇಲೆ ತಲೆಗೂದಲಲ್ಲಿ ಹತ್ತಿ ಎಳೆ ಇಟ್ಟುಕೊಂಡೇ ಮಂಡಕ್ಕಿ ಪೊಟ್ಟಣ ಹಿಡಿದು ಬರುತ್ತಿದ್ದರು. ಕಡಿಮೆ ದುಡ್ಡು, ಬೇಗ ಸಿಗಬೇಕು, ನಿಂತೇ ತಿನ್ನುವಂತಿರಬೇಕು, ಖಾರ ಇರಬೇಕು. ದುಡಿದು ದಣಿದವರ ತಿಂಡಿ ಇದು. ಮಿಲ್ಲುಗಳು ಮುಚ್ಚಿದವು, ತಿಂಡಿ ಉಳಿಯಿತು. ಈಗ ಅದೇ ಜಾಗದಲ್ಲಿ ಹಮಾಲರು, ಲಾಯರುಗಳು, ಮೆಡಿಕಲ್ ಕಾಲೇಜಿನ ಉತ್ತರ ಭಾರತದ ಹುಡುಗರು ಒಟ್ಟಿಗೆ ನಿಂತಿರುತ್ತಾರೆ. ಆ ಹುಡುಗರು ಮೊದಲ ವರ್ಷ ಮೂಗು ಮುರಿಯುತ್ತಾರೆ. ಕೊನೆಯ ವರ್ಷಕ್ಕೆ "ಅಣ್ಣಾ, ಎರಡು ಮೆಣಸಿನಕಾಯಿ ಜಾಸ್ತಿ" ಅಂತ ಕನ್ನಡದಲ್ಲೇ ಜೋರು ಮಾಡುತ್ತಾರೆ.

ಹಾಗೆ ನೋಡಿದರೆ ಬೆಣ್ಣೆ ದೋಸೆಯೂ ಹೊರಗಿನಿಂದ ಬಂದವರದ್ದೇ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ಎಂಬುವರು ನಾಟಕ ಥಿಯೇಟರಿನ ಹತ್ತಿರ ರಾಗಿ ದೋಸೆ ಹಾಕಲು ಶುರು ಮಾಡಿದರು, ಮಕ್ಕಳ ಕಾಲಕ್ಕೆ ಅದು ಅಕ್ಕಿ ದೋಸೆಯಾಗಿ ಬೆಣ್ಣೆ ಸೇರಿತು ಅಂತ ಊರಲ್ಲಿ ಹೇಳುತ್ತಾರೆ. ಮಂಡಕ್ಕಿ ಮಾತ್ರ ಪಕ್ಕಾ ಇಲ್ಲಿಯದು. ಭದ್ರಾ ನಾಲೆಯ ನೀರಿಗೆ ಬೆಳೆಯುವ ಭತ್ತದ ಸೀಮೆ ಇದು. ಅಂಗಡಿಗೆ ಮಂಡಕ್ಕಿ ಬರುವುದು ಊರಿನ ಭಟ್ಟಿಯಿಂದಲೇ. ಅಲ್ಲಿ ಬಿಸಿ ಮರಳಲ್ಲಿ ಹುರಿಯುವವರ ಪಕ್ಕ ಐದು ನಿಮಿಷ ನಿಲ್ಲಲು ಆಗುವುದಿಲ್ಲ, ಅಷ್ಟು ಝಳ, ಅಷ್ಟು ಹೊಗೆ. ಆ ಹೊಗೆಯ ಬಗ್ಗೆ ಸುತ್ತಲಿನ ಮನೆಯವರ ಸಿಟ್ಟು ನ್ಯಾಯವಾದದ್ದೇ. ಮಂಡಕ್ಕಿ ರುಚಿಯಾಗಿದೆ ಅಂತ ಅದನ್ನು ಮುಚ್ಚಿಡಬಾರದು.

ಅಂಗಡಿಯ ದೋಷಗಳೂ ಇವೆ. ಕೂರಲು ಜಾಗ ಇಲ್ಲ. ಕುಡಿಯುವ ನೀರಿನ ಡ್ರಮ್ಮಿಗೆ ಒಂದೇ ಲೋಟ, ಅದನ್ನು ನಂಬಬೇಡಿ. ರಾತ್ರಿ ಎಂಟರ ಮೇಲೆ ಎಣ್ಣೆ ಕಪ್ಪಾಗಿರುತ್ತದೆ, ಆಗ ಬಜ್ಜಿ ಬಿಟ್ಟು ಮಂಡಕ್ಕಿ ಮಾತ್ರ ತಗೊಳ್ಳಿ. ಬಜ್ಜಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಶಾಯಿ ಎಣ್ಣೆಗೆ ಹತ್ತುತ್ತದೆ ಅಂತ ನಾನು ಹೇಳಿದ್ದಕ್ಕೆ ಈಗ ಪ್ಲೇಟು ಕೇಳಿದವರಿಗೆ ಪ್ಲೇಟು ಸಿಗುತ್ತದೆ. ಕೇಳದಿದ್ದರೆ ಪೇಪರೇ.

ರುಚಿಗೆ ಐದಕ್ಕೆ ನಾಲ್ಕೂವರೆ, ಸ್ವಚ್ಛತೆಗೆ ಎರಡೂವರೆ. ದುಡ್ಡಿನ ಬಗ್ಗೆ ಮಾತೇ ಇಲ್ಲ. ಇಬ್ಬರು ಹೊಟ್ಟೆ ತುಂಬ ತಿಂದು ಪಕ್ಕದಲ್ಲಿ ಟೀ ಕುಡಿದರೂ ನೂರು ರೂಪಾಯಿ ದಾಟುವುದು ಕಷ್ಟ. ಫೋನ್‌ಪೇ ಇದೆ, ಆದರೂ ಚಿಲ್ಲರೆ ಕೊಟ್ಟರೆ ಅಣ್ಣನಿಗೆ ಖುಷಿ. ಪಾರ್ಸೆಲ್ ಬೇಕಾದರೆ ಮಂಡಕ್ಕಿ ಬೇರೆ, ಒಗ್ಗರಣೆ ಬೇರೆ ಕಟ್ಟಿಸಿಕೊಂಡು ಮನೆಯಲ್ಲೇ ಕಲಸಿ. ರೈಲಿಗೆ ಒಯ್ಯುವುದಾದರೆ ಈರುಳ್ಳಿ ಬೇಡ ಅನ್ನಿ, ಎದುರು ಸೀಟಿನವರು ಸುಮ್ನೆ ಮುಖ ಗಂಟು ಹಾಕುತ್ತಾರೆ.