ಒಣಕಣ್ಣಿಗೆ ನಾಲ್ಕು ಚಿತ್ರ: ನನಗೆ ಉತ್ತರ ಕೊಟ್ಟದ್ದು ಯಾವುದು?

ಸಂಜೆಯಾದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಎರಡು ವರ್ಷ ಡ್ರಾಪ್ಸ್ ಹಾಕಿಕೊಂಡೆ. ಹಾಕಿದಾಗ ತಂಪು, ಅರ್ಧ ಗಂಟೆಗೆ ಮತ್ತೆ ಉರಿ. ಕೊನೆಗೆ ಕಣ್ಣಿನ ಮೇಲ್ಮೈಯನ್ನು ನೋಡುವ ನಾಲ್ಕು ಪರೀಕ್ಷೆಗಳನ್ನು ಮಾಡಿಸಿಕೊಂಡೆ.

ಮೊದಲನೆಯದು ಬೆಳಕಿನ ಬಳೆಗಳದ್ದು. ಗದ್ದ ಊರಿ ಕೂತರೆ ಒಂದರೊಳಗೊಂದು ಬಳೆಗಳು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ ಮೂಡುತ್ತವೆ. ರೆಪ್ಪೆ ಬಡಿಯಬಾರದು. ಕಣ್ಣೀರಿನ ಪದರ ಒಡೆದ ಕಡೆ ಬಳೆ ಸೊಟ್ಟಗಾಗುತ್ತದೆ, ಅಷ್ಟಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಯಂತ್ರ ಎಣಿಸುತ್ತದೆ. 10ಕ್ಕಿಂತ ಕಡಿಮೆ ಬಂದರೆ ಅನುಮಾನ. ನನ್ನದು 4. ಹಿಂದೆ ಇದನ್ನೇ ಹಳದಿ ಫ್ಲೋರೆಸೀನ್ ಹಾಕಿ ನೋಡಿದ್ದರು. ಆ ಬಣ್ಣವೇ ಪದರವನ್ನು ಕದಡಬಹುದು. ಹಾಗಾಗಿ ಮುಟ್ಟದೆ ಅಳೆದದ್ದರ ಮೇಲೆ ನನಗೆ ನಂಬಿಕೆ ಜಾಸ್ತಿ. ಆದರೆ ಪದರ ಯಾಕೆ ಒಡೆಯುತ್ತಿದೆ ಅಂತ ಬಳೆಗಳು ಹೇಳಲಿಲ್ಲ.

ಎರಡನೆಯದು ಓಸಿಟಿ, ಅಂದರೆ ಬೆಳಕಿನಿಂದ ಮಾಡುವ ಸ್ಕ್ಯಾನ್. ಕ್ಷಣದಲ್ಲಿ ಮುಗಿಯಿತು. ಕೆಳರೆಪ್ಪೆಯ ಅಂಚಿನಲ್ಲಿ ನಿಂತ ಕಣ್ಣೀರಿನ ಎತ್ತರವನ್ನು ಅದು ಅಡ್ಡ ಸೀಳಿದಂತೆ ತೋರಿಸುತ್ತದೆ. ಸುಮಾರು 0.2 ಮಿ.ಮೀ.ಗಿಂತ ಕಡಿಮೆಯಿದ್ದರೆ ನೀರು ಸಾಲದು ಅಂತ ಅರ್ಥ. ನನಗೆ ಸಾಕಷ್ಟಿತ್ತು. ಹಾಗಾದರೆ ಎರಡು ವರ್ಷ ಸುಮ್ನೆ ನೀರಿನ ಮೇಲೆ ನೀರು ಹಾಕುತ್ತಿದ್ದೆ, ಅಲ್ವಾ?

ಉತ್ತರ ಸಿಕ್ಕಿದ್ದು ಮೈಬೋಗ್ರಫಿಯಲ್ಲಿ. ರೆಪ್ಪೆಯನ್ನು ಮಗುಚಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ. ಸ್ವಲ್ಪ ಕಿರಿಕಿರಿ, ನೋವಿಲ್ಲ. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಗಳು ಬೆಳ್ಳಗೆ ಸಾಲಾಗಿ ಕಾಣುತ್ತವೆ. ಈ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ, ಅದು ಬೇಗ ಆರದ ಹಾಗೆ ಕಾಯುತ್ತದೆ. ನನ್ನ ಕೆಳರೆಪ್ಪೆಯಲ್ಲಿ ಸಾಲು ನಡುನಡುವೆ ಖಾಲಿ, ಉಳಿದವುಗಳಲ್ಲಿ ಹಲವು ಮೋಟು. ನೋಡಿ ಗಾಬರಿಯಾಯಿತು, ಆದರೆ ಉರಿಗೆ ಒಂದು ಕಾರಣ ಸಿಕ್ಕ ಸಮಾಧಾನವೂ ಆಯಿತು. ಒಂದು ಮಾತು: ಈ ಚಿತ್ರ ಗ್ರಂಥಿಯ ಆಕಾರ ತೋರಿಸುತ್ತದೆ, ಎಣ್ಣೆ ಹೊರಬರುತ್ತಿದೆಯೋ ಇಲ್ಲವೋ ತೋರಿಸುವುದಿಲ್ಲ. ಅದಕ್ಕೆ ಡಾಕ್ಟರು ರೆಪ್ಪೆಯಂಚನ್ನು ಒತ್ತಿಯೇ ನೋಡಬೇಕು.

ಕಾನ್‌ಫೋಕಲ್ ಮೈಕ್ರೋಸ್ಕೋಪ್ ಕಾರ್ನಿಯಾದ ನರಗಳನ್ನೇ ತೋರಿಸಿತು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ನೂಲಿನ ಎಳೆಗಳು, ಎಷ್ಟು ಚೆಂದ! ಆದರೆ ಮರಗಟ್ಟಿಸುವ ಹನಿ ಹಾಕಿ, ಜೆಲ್ ಹಚ್ಚಿದ ತುದಿಯನ್ನು ಕಣ್ಣಿಗೆ ತಾಗಿಸಿದರು. ಕೊಯ್ಯುವುದಿಲ್ಲ ನಿಜ, ಮುಟ್ಟುವುದಂತೂ ಹೌದು. ಒಂದು ಚಿತ್ರದಲ್ಲಿ ಕಾಣುವುದು ಅರ್ಧ ಮಿ.ಮೀ.ಗೂ ಕಡಿಮೆ ಅಗಲದ ಜಾಗ. ಅದೇ ಜಾಗವನ್ನು ಇನ್ನೊಮ್ಮೆ ಹುಡುಕುವುದು ಕಷ್ಟ. ಅಕಾಂತಮೀಬಾ (ನೀರು, ಮಣ್ಣಿನಲ್ಲಿರುವ ಏಕಕೋಶ ಜೀವಿ) ಅಥವಾ ಫಂಗಸ್ ಸೋಂಕಿನ ಅನುಮಾನವಿದ್ದಾಗ, ಇಲ್ಲವೇ ಪರೀಕ್ಷಿಸಿದಾಗ ಕಣ್ಣಿನಲ್ಲಿ ಏನೂ ತೊಂದರೆ ಕಾಣದಿದ್ದರೂ ನೋವು ವಿಪರೀತವಿದ್ದಾಗ ಇದು ಬೇಕು. ನನ್ನಂಥ ಒಣಕಣ್ಣಿಗೆ ಇದರಿಂದ ಶುರು ಮಾಡಬೇಕಿಲ್ಲ.

ಎರಡನ್ನೇ ಮಾಡಿಸುವುದಾದರೆ ಬಳೆಗಳ ಪರೀಕ್ಷೆ ಮತ್ತು ಮೈಬೋಗ್ರಫಿ ಆರಿಸಿಕೊಳ್ಳುತ್ತೇನೆ. ಬಳೆಗಳದ್ದು ಮೊದಲು, ಯಾಕಂದ್ರೆ ರೆಪ್ಪೆ ಮಗುಚಿದ ಮೇಲೆ ಕಣ್ಣೀರು ಮೊದಲಿನಂತೆ ಇರುವುದಿಲ್ಲ. ಈಗ ದಿನಾ ರೆಪ್ಪೆಗೆ ಬಿಸಿ ಶಾಖ ಕೊಟ್ಟು ಮೆಲ್ಲಗೆ ಒತ್ತಿಕೊಳ್ಳುತ್ತೇನೆ. ಆರು ತಿಂಗಳ ನಂತರ 4 ಇದ್ದ ಸೆಕೆಂಡ್ 7 ಆಗಿದೆ. ಗ್ರಂಥಿಗಳ ಚಿತ್ರ ಮಾತ್ರ ಹಾಗೇ ಇದೆ.