ಚುಕ್ಕಿ ಹಾಕಿದರೂ ಪಟ್ಟಿ ಬರಲಿಲ್ಲ: ರಸ್ಟ್ ಅನಲೈಸರ್ ಬಳಸಿದ ಅನುಭವ

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವಾಗ ಎಡಿಟರ್‌ನಲ್ಲೇ ಸಲಹೆ ಕೊಟ್ಟು ತಪ್ಪು ತೋರಿಸುವ ರಸ್ಟ್ ಅನಲೈಸರ್ ಇಲ್ಲದೆ ಈಗ ನನಗೆ ಕೈಯೇ ಓಡುವುದಿಲ್ಲ. 2022ರಲ್ಲಿ ಇದೇ ಕೆಲಸದ ಹಳೆಯ ಸಾಧನ ಆರ್‌ಎಲ್‌ಎಸ್‌ನ ಜಾಗಕ್ಕೆ ಬಂದ ಈ ಉಚಿತ ಸಾಧನವನ್ನು ದಿನವೂ ಬಳಸುತ್ತೇನೆ. ಅದರ ಬೆಲೆ ಗೊತ್ತಾದದ್ದು ಮಾತ್ರ ಅದು ಸುಮ್ಮನಾದ ದಿನ.

ಹೊಸ ಪ್ರಾಜೆಕ್ಟ್ ತೆರೆದಿದ್ದೆ. ವೇರಿಯಬಲ್ ಹೆಸರು ಬರೆದು ಚುಕ್ಕಿ ಹಾಕಿದೆ. ಅದರ ಮೇಲೆ ಕರೆಯಬಹುದಾದ ಮೆಥಡ್‌ಗಳ ಪಟ್ಟಿ ಬರಬೇಕಿತ್ತು ಅಲ್ವಾ, ಬರಲಿಲ್ಲ. ಟರ್ಮಿನಲ್‌ನಲ್ಲಿ ರಸ್ಟ್‌ನ ಬಿಲ್ಡ್ ಸಾಧನ ಕಾರ್ಗೊಗೆ 'ಕಾರ್ಗೊ ಬಿಲ್ಡ್' ಎಂದು ಕೊಟ್ಟರೆ ಒಂದೂ ಎರರ್ ಇಲ್ಲ. ಅಂದರೆ ಕೋಡೂ ಸರಿ, ಅದು ಬಳಸುವ ಹೊರಗಿನ ಲೈಬ್ರರಿಗಳು, ಅಂದರೆ ಡಿಪೆಂಡೆನ್ಸಿಗಳೂ ಸರಿ. ಎಕ್ಸ್‌ಟೆನ್ಶನ್ ತೆಗೆದು ಮತ್ತೆ ಹಾಕಿದೆ, ಬಿಲ್ಡ್ ಆದ ಫೈಲುಗಳಿರುವ ಟಾರ್ಗೆಟ್ ಫೋಲ್ಡರ್ ಅಳಿಸಿದೆ. ಒಂದು ಗಂಟೆ ಸುಮ್ನೆ ಹೋಯಿತು.

ಆಮೇಲೆ ಎಡಿಟರ್‌ನ ಕೆಳಗಿನ ಸಾಲಿನಲ್ಲಿ ರಸ್ಟ್ ಅನಲೈಸರ್ ಹೆಸರಿನ ಮೇಲೆ ಮೌಸ್ ಇಟ್ಟೆ. ವರ್ಕ್‌ಸ್ಪೇಸ್ (ಅಂದರೆ ರಸ್ಟ್ ಪ್ರಾಜೆಕ್ಟ್) ಸಿಗಲಿಲ್ಲ ಎಂದು ಆಗಿನಿಂದಲೂ ಹೇಳುತ್ತಲೇ ಇತ್ತು! ನಾನು ತೆರೆದದ್ದು ಎಲ್ಲಕ್ಕಿಂತ ಹೊರಗಿನ ಫೋಲ್ಡರ್. ಪ್ರಾಜೆಕ್ಟಿನ ವಿವರವಿರುವ ಕಾರ್ಗೊ.ಟಾಮ್ಲ್ ಫೈಲ್ ಇದ್ದದ್ದು ಅದರ ಮೂರು ಫೋಲ್ಡರ್ ಒಳಗೆ. ಅಷ್ಟು ಆಳಕ್ಕೆ ಇದು ತಾನಾಗಿ ಹುಡುಕುವುದಿಲ್ಲ. ಕಾರ್ಗೊ.ಟಾಮ್ಲ್ ಸಿಕ್ಕಿದರೆ ತಾನೇ ಕಾರ್ಗೊವನ್ನು ಕೇಳಿ ಡಿಪೆಂಡೆನ್ಸಿಗಳ ಲೆಕ್ಕ ತರುವುದು? ಸೆಟ್ಟಿಂಗ್ಸ್‌ನ 'ಲಿಂಕ್ಡ್ ಪ್ರಾಜೆಕ್ಟ್ಸ್' ಎಂಬಲ್ಲಿ ಆ ಫೈಲಿನ ದಾರಿ ಬರೆದು, ವರ್ಕ್‌ಸ್ಪೇಸ್ ರೀಲೋಡ್ ಮಾಡಿದೆ. ಕೆಳಗೆ ಕೋಡ್ ಓದಿಕೊಳ್ಳುವ ಇಂಡೆಕ್ಸಿಂಗ್ ಓಡತೊಡಗಿತು. ಅದು ಮುಗಿದ ಮೇಲೆ ಅದೇ ಚುಕ್ಕಿ ಅಳಿಸಿ ಮತ್ತೆ ಹಾಕಿದೆ. ಉದ್ದಕ್ಕೆ ಪಟ್ಟಿ ಬಿಚ್ಚಿಕೊಂಡಿತು. ಎಷ್ಟು ಖುಷಿಯಾಯಿತು ಅಂತೀರಿ!

ಒಂದು ಮಾಡ್ಯೂಲ್ ಮಾತ್ರ ಇನ್ನೂ ಮಂಕಾಗಿಯೇ ಇತ್ತು. ಅದು ಡಿಫಾಲ್ಟ್ ಆಗಿ ಆನ್ ಇಲ್ಲದ ಫೀಚರ್ (ಬೇಕಾದರೆ ಆನ್ ಮಾಡಿಕೊಳ್ಳುವ ಕೋಡ್ ಭಾಗ) ಒಂದರ ಹಿಂದೆ ಇತ್ತು. ಕಾರ್ಗೊ ಫೀಚರ್ಸ್ ಸೆಟ್ಟಿಂಗ್‌ಗೆ 'ಆಲ್' ಕೊಟ್ಟೆ, ಬಣ್ಣ ಬಂತು.

ಕೊರತೆಗಳಿವೆ. ಪ್ರಾಜೆಕ್ಟ್ ದೊಡ್ಡದಾದರೆ ಮೆಮೊರಿ ಜಾಸ್ತಿ ತಿನ್ನುತ್ತದೆ. ಫೈಲ್ ಸೇವ್ ಮಾಡಿದಾಗಲೆಲ್ಲ ಇದು ಹಿನ್ನೆಲೆಯಲ್ಲಿ ತಪ್ಪು ಹುಡುಕುವ ಕಾರ್ಗೊ ಚೆಕ್ ಓಡಿಸುತ್ತದೆ. ಅದೇ ಹೊತ್ತಿಗೆ ನೀವು ಟರ್ಮಿನಲ್‌ನಲ್ಲಿ ಬಿಲ್ಡ್ ಕೊಟ್ಟರೆ ಟಾರ್ಗೆಟ್ ಫೋಲ್ಡರಿಗೆ ಅದು ಹಾಕಿದ ಲಾಕ್ ಬಿಡುವವರೆಗೆ ಕಾಯಬೇಕು. ಇದಕ್ಕೇ ಬೇರೆ ಟಾರ್ಗೆಟ್ ಫೋಲ್ಡರ್ ಕೊಟ್ಟರೆ ಆ ಕಾಟ ಇಲ್ಲ. ಡಿಸ್ಕ್‌ನಲ್ಲಿ ಜಾಗ ಹೆಚ್ಚು ಹೋಗುತ್ತದೆ, ನಾನಂತೂ ಸಂತೋಷವಾಗಿ ಕೊಟ್ಟಿದ್ದೇನೆ.

ರಸ್ಟ್ ಕಲಿಯಲು ಹೊರಟವರು ಮೊದಲ ದಿನವೇ ಇದನ್ನು ಹಾಕಿಕೊಳ್ಳಿ. ಐದಕ್ಕೆ ಐದು ಕೊಡುತ್ತೇನೆ.